ಪುಟ್ಟಗೌರಮ್ಮನ ಫೋನಿಗೆ ಬೀಗ

ಪುಟ್ಟಗೌರಮ್ಮನಿಗೆ ಒಂದು ಅಭ್ಯಾಸ. ಹೊಲಿಗೆಗೆ ಕೂತರೆ ಗುಂಡುಸೂಜಿಗಳನ್ನು ತುಟಿಯಲ್ಲೇ ಕಚ್ಚಿಕೊಂಡಿರುತ್ತಾಳೆ. ಯಾರನ್ನಾದರೂ ಬೈಯಬೇಕು ಅಂದಾಗ ಮಾತ್ರ ಒಂದೊಂದನ್ನೇ ತೆಗೆದು ಸೆರಗಿಗೆ ಚುಚ್ಚುತ್ತಾಳೆ. ಬೈಯುವುದಕ್ಕೆ ಅವಳಿಗಿರುವವನು ಒಬ್ಬನೇ, ಮಗ ಮಾದ. ಅವನಿಗೆ ಮೀಸೆ ಬಂದು ವರ್ಷಗಳಾದವು, ಬುದ್ಧಿ ಇನ್ನೂ ಬಂದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ತೊಂದರೆ ಇರುವುದೇ ಅಲ್ಲಿ.

ಕೊಳ್ಳೇಗಾಲದ ಆ ಬೀದಿಯ ಹೆಂಗಸರೆಲ್ಲ ರವಿಕೆ ಹೊಲಿಸುವುದು ಇವಳ ಹತ್ತಿರ. ಮೊದಲು ಅಳತೆಯನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಸಿಕ್ಕಿಸುತ್ತಿದ್ದಳು. ಈಗ ಅದಕ್ಕೂ ಫೋನಿನಲ್ಲಿ ಒಂದು ಆ್ಯಪ್ ಬಂದಿದೆ. ಎದೆ, ಸೊಂಟ, ತೋಳು, ಫೋನ್ ನಂಬರು, ಮನೆ ವಿಳಾಸ, ಎಲ್ಲ ಅದರೊಳಗೆ. ತುಂಬಿಸುವವನು ಮಾದ. ಬೇರೆ ಏನು ತಪ್ಪಿದರೂ ಅಂಕಿ ಅಕ್ಷರ ಮಾತ್ರ ತಪ್ಪುವವನಲ್ಲ.

"ಹೆಂಗಸರ ಅಳತೆ ಕಣೋ ಅದು. ಅವರ ಮಾನ. ಫೋನಿಗೆ ಬೀಗ ಹಾಕಿಡು" ಅಂದಳು ಅವ್ವ.

ಮಾದ ಹೂಂ ಅಂದ. ಫೋನನ್ನು ಟ್ರಂಕಿನೊಳಗಿಟ್ಟು ಬೀಗ ಜಡಿದ. ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡು ಪೇಟೆಗೆ ಹೋದ. ಮದುವೆ ಮನೆಯವರು ಫೋನ್ ಮಾಡಿದರು, ಟ್ರಂಕು ಹಾಡಿತು. ಮತ್ತೆ ಮಾಡಿದರು, ಮತ್ತೆ ಹಾಡಿತು. ಆಮೇಲೆ ಅವರು ಬೇರೆ ದರ್ಜಿಯ ಹತ್ತಿರ ಹೋದರು.

ಸೂಜಿಗಳು ಸೆರಗಿಗೆ ಬಂದವು. "ಬೀಗ ಅಂದ್ರೆ ಕಬ್ಬಿಣದ್ದಲ್ಲ ಕಣೋ ಪೆದ್ದ. ನಾಕು ಅಂಕಿ ಒತ್ತಿದ್ರೆ ತೆಗೆಯೋ ಬೀಗ, ಫೋನಲ್ಲೇ ಇರ್ತದೆ. ಆ ಅಂಕಿ ನಂಗೆ ಮರೆತುಹೋಗ್ತದೆ, ಯಾವಾಗಲೂ ಕಣ್ಣ ಮುಂದೇ ಇರಲಿ."

ಮಾದ ಹೂಂ ಅಂದ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಗೊಂಡು ನಿಲುವುಗನ್ನಡಿಯ ಮೇಲೆ ಅಂಗೈ ಅಗಲದ ನಾಕು ಅಂಕಿ ಬರೆದ. ಸೀರೆಗೆ ಫಾಲ್ಸ್ ಮಾರುವವನೊಬ್ಬ ದಾರಿಯಲ್ಲಿ ಬಂದವನು ಕನ್ನಡಿ ನೋಡಿದ, ಅಲ್ಲೇ ಇದ್ದ ಫೋನಿನ ಬೀಗ ತೆಗೆದ, ಸಂಜೆ ಟೀ ಅಂಗಡಿಯಲ್ಲಿ ಕೂತು ಮೇಷ್ಟ್ರ ಹೆಂಡತಿಯ ಸೊಂಟ ಎಷ್ಟು ಅಂತ ಎಲ್ಲರಿಗೂ ಹೇಳಿದ.

ಮೇಷ್ಟ್ರ ಹೆಂಡತಿ ಬಂದು ತನ್ನ ಬಟ್ಟೆ ವಾಪಸ್ಸು ತಗೊಂಡಳು. "ನನ್ನ ಸೊಂಟಾನ ಬೀದಿಗೆಲ್ಲ ಹಂಚಿದ್ರಲ್ಲ ಗೌರಮ್ಮ. ಪ್ರಸಾದವಾ ಅದು?"

ಸೂಜಿಗಳು ಮತ್ತೆ ಸೆರಗಿಗೆ ಬಂದವು. "ಕನ್ನಡಿ ಒರೆಸು. ಬೇರೆ ಅಂಕಿ ಹಾಕು. ಇನ್ಮೇಲೆ ಗುರುತು ಪರಿಚಯ ಇಲ್ಲದೋರಿಗೆ ಏನೂ ಹೇಳಬೇಡ, ಏನೂ ತೋರಿಸಬೇಡ."

ಮಾದ ಹೂಂ ಅಂದ.

ಮಿಲ್ಲಿನ ಕೆಂಪರಾಜುವಿನ ಹೆಂಡತಿ ಪದ್ಮಾಕ್ಷಿ ಬಂದದ್ದು ಆಮೇಲೆ. ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. "ಗೌರಕ್ಕ, ಬಲತೋಳು ಅಗಲ ಇರಲಿ. ಇದರ ಮೇಲೆ ಹತ್ತಬೇಕು" ಅಂದಳು. ಕೈ ಮುರಿದದ್ದು ಯಾರು ಅಂತ ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

"ಈ ಊರಲ್ಲಿ ಇರಲ್ಲ ಅಕ್ಕ ನಾನು. ಅವರಿಗೆ ಗೊತ್ತಾದ್ರೆ ಈ ಸಲ ಕೈಗೆ ನಿಲ್ಲಲ್ಲ."

"ಎಲ್ಲಿಗೆ ಅಂತ ನಂಗೂ ಹೇಳಬೇಡ ತಾಯಿ. ನನ್ನ ಬಾಯಿ ಮೇಲೆ ನಂಗೇ ನಂಬಿಕೆ ಇಲ್ಲ. ಫೋನಲ್ಲಿ ಹಾಕಿಡು. ರವಿಕೆ ಅಲ್ಲಿಗೇ ಕಳಿಸ್ತೀನಿ."

ಪದ್ಮಾಕ್ಷಿ ಎಡಗೈಯಲ್ಲಿ ತಡವರಿಸಿಕೊಂಡು ಹೊಸ ವಿಳಾಸ, ಹೊಸ ನಂಬರು ಒತ್ತಿದಳು. ಬೀಗ ಸರಿಯಾಗಿ ಬಿತ್ತಾ ಅಂತ ಪುಟ್ಟಗೌರಮ್ಮ ಎರಡು ಸಲ ನೋಡಿದಳು.

ಒಂದು ದಿನ ಅವಳು ದಾರದುಂಡೆ ತರಲು ಹೋಗಿದ್ದಾಗ ಕೆಂಪರಾಜು ಬಂದ. ಮಾದನನ್ನು ಎಷ್ಟೋ ಸಲ ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತಿಸಿದವನು.

"ಮಾದಣ್ಣ, ನಿಮ್ಮ ಪದ್ಮಕ್ಕ ಎಲ್ಲವಳೆ ಈಗ? ನಿನ್ನ ಫೋನಲ್ಲಿ ಇರ್ತದಲ್ಲ."

ಮಾದ ಯೋಚನೆ ಮಾಡಿದ. ಗುರುತು? ಇದೆ. ಪರಿಚಯ? ಇದೆ. ಬೀಗ ತೆಗೆದು ವಿಳಾಸ ಓದಿದ, ನಂಬರು ಓದಿದ. ನಿಧಾನಕ್ಕೆ ಓದೋ ಅಂದದ್ದಕ್ಕೆ ಇನ್ನೊಂದು ಸಲ ಓದಿದ. ಕೆಂಪರಾಜು ಅವನ ಬೆನ್ನು ತಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೋದ.

ಪುಟ್ಟಗೌರಮ್ಮ ಬಂದಳು. ಮಾದನ ಕೈಯಲ್ಲಿ ಫೋನಿನ ಬೀಗ ತೆಗೆದೇ ಇತ್ತು, ಮೇಲೆ ಪದ್ಮಾಕ್ಷಿಯ ಹೆಸರು ಕಾಣುತ್ತಿತ್ತು. "ಯಾರಿಗೆ ಹೇಳಿದ್ಯೋ ಇದನ್ನ?"

"ಗುರುತಿನೋರಿಗೇ ಕಣವ್ವ. ಕೆಂಪರಾಜಣ್ಣಂಗೆ. ಎರಡು ಸಲ ಓದಿ ಹೇಳ್ದೆ, ಬಸ್‌ಸ್ಟ್ಯಾಂಡ್ ಕಡೆ ಹೋದ."

ದಾರದುಂಡೆಗಳು ಕೈಯಿಂದ ಜಾರಿದವು. "ಅಳಿಸಿ ಹಾಕು ಅದನ್ನ. ಇನ್ನು ಯಾರು ಕೇಳಿದ್ರೂ ಬಾಯಿ ಬಿಡಬೇಡ. ನಾನೇ ಕೇಳಿದ್ರೂ ಬಿಡಬೇಡ."

ಮಾದ ಹೂಂ ಅಂದ. ಅಳಿಸಿ ಹಾಕಿದ.

ಪುಟ್ಟಗೌರಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಕೂತವಳು ಎದ್ದಳು. ಬಸ್ಸು ಅಲ್ಲಿಗೆ ಮುಟ್ಟುವ ಮೊದಲು ಪದ್ಮಾಕ್ಷಿಗೆ ಒಂದು ಫೋನ್ ಹೋದರೆ ಸಾಕು, ಎಲ್ಲಾದರೂ ಹೋಗಿ ಉಳಿದುಕೊಳ್ಳುತ್ತಾಳೆ.

"ಅವಳ ನಂಬರು ತೆಗಿ, ಬೇಗ."

ಮಾದ ಖಾಲಿಯಾದ ಜಾಗ ತೋರಿಸಿದ.

"ಓದಿದೀಯಲ್ಲೋ ಎರಡು ಸಲ. ಒಂದು ಸಲ ಓದಿದ್ರೆ ನೀನು ಮರೆಯೋನಲ್ಲ. ಹೇಳು."

ಮಾದ ತುಟಿ ಬಿಗಿದುಕೊಂಡ.

"ನಾನು ಕಣೋ. ನಿಮ್ಮವ್ವ."

ಮಾದ ಇನ್ನೂ ಬಿಗಿದುಕೊಂಡ. ಈ ಸಲ ತಪ್ಪಲಿಲ್ಲ ಅನ್ನುವ ಸಮಾಧಾನ ಅವನ ಮುಖದಲ್ಲಿತ್ತು.

ಪುಟ್ಟಗೌರಮ್ಮ ಅವನ ಗಲ್ಲ ಹಿಡಿದುಕೊಂಡಳು. "ಮಾದ, ನನ್ನಪ್ಪ, ಆ ನಂಬರು ಹೇಳೋ."