ಒಂಬತ್ತು ಜನರ ಕುಂಟು

"ಗುರುಗಳೇ, ಕಣ್ಣು ಪಳಗಿದವನಿಗೆ ಎದುರಿಗಿರುವವರ ನೋವು ಕೇಳದೆಯೇ ತಿಳಿಯುತ್ತದಲ್ಲವೇ?" ಎಂದು ಶಿಷ್ಯ ಕೇಳಿದ. ತನ್ನ ಕಣ್ಣು ಪಳಗಿದೆ ಎಂಬ ವಿಷಯದಲ್ಲಿ ಅವನಿಗೆ ಸಂಶಯವಿರಲಿಲ್ಲ.

ಗುರು ಹೇಳಿದರು:

ನರ್ತಕರಿಗೆ ದೇಹ ಓದಲು ಬರುತ್ತದೆ ಎಂದು ಒಂದು ನಗರದಲ್ಲಿ ಎಲ್ಲರೂ ನಂಬಿದ್ದರು. ನರ್ತಕರು ಎಲ್ಲರಿಗಿಂತ ಹೆಚ್ಚು ನಂಬಿದ್ದರು. ಹಳೆಯ ಮುದ್ರೆ, ಹಳೆಯ ತಾಳ ಬಿಟ್ಟು ಹೊಸ ನೃತ್ಯ ಕಟ್ಟುತ್ತಿದ್ದ ಜನ ಅವರು. ಅಲ್ಲಿನ ಒಂದು ತಂಡದಲ್ಲಿ ಒಂಬತ್ತು ಜನರಿದ್ದರು. ಒಬ್ಬರು ಬಿಟ್ಟರೆ ಆ ಜಾಗಕ್ಕೆ ಮೂವತ್ತು ಜನ ಕಾಯುತ್ತಿದ್ದರು.

ತಂಡಕ್ಕೆ ಒಂದು ನಿಯಮವಿತ್ತು. ತಾಲೀಮು ಮುಗಿದ ಮೇಲೆ ಎಲ್ಲರೂ ವೃತ್ತವಾಗಿ ಕೂರುತ್ತಿದ್ದರು. ಒಬ್ಬರ ಕುಣಿತದಲ್ಲಿ ತಮಗೆ ಕಂಡದ್ದನ್ನು ಉಳಿದವರು ಹೇಳುತ್ತಿದ್ದರು. ಕುಣಿದವರು ಮಾತ್ರ ಬಾಯಿ ತೆರೆಯುವಂತಿರಲಿಲ್ಲ. ಅವರು ವಿವರಣೆ ಕೊಟ್ಟರೆ ನೋಡುವವರ ಕಣ್ಣು ಕೆಡುತ್ತದಂತೆ.

ಆ ಒಂಬತ್ತು ಜನರಲ್ಲಿ ಒಬ್ಬ ನರ್ತಕಿಗೆ ಬಲಗಾಲಿನಲ್ಲಿ ನೋವು ಶುರುವಾಯಿತು. ಹೇಳಿದರೆ ಜಾಗ ಹೋಗುತ್ತದೆ ಎಂದು ಎರಡು ತಿಂಗಳು ಸುಮ್ಮನಿದ್ದಳು. ಆಮೇಲೆ ಕಾಲೆಳೆದು ಕುಂಟತೊಡಗಿದಳು. ಇನ್ನು ತಾನು ಹೇಳಬೇಕಾಗಿಲ್ಲ, ಇವರೇ ಕಂಡುಕೊಳ್ಳುತ್ತಾರೆ ಎಂದುಕೊಂಡಳು. ಅವರೇ ಕಂಡುಕೊಂಡರೆ ಅದು ತನ್ನ ದೂರು ಎನಿಸಿಕೊಳ್ಳುವುದಿಲ್ಲ.

ವೃತ್ತದಲ್ಲಿ ಅವಳ ಸರದಿ ಬಂತು.

"ಈ ಕಾಲು ನೆಲವನ್ನೇ ನಂಬ್ತಿಲ್ಲ ಕಣ್ರೋ," ಎಂದ ಒಬ್ಬ. "ಊರು ಬಿಟ್ಟು ಬಂದವರ ಕಾಲು ಇದು."

"ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ?" ಎಂದಳು ಇನ್ನೊಬ್ಬಳು.

"ಅದು ಹಾಗಲ್ಲ, ನನಗೆ..."

ತಂಡದ ನಿರ್ದೇಶಕ ನಕ್ಕ. "ನಿನ್ನ ಸರದೀಲಿ ನೀನು ಮಾತಾಡೋ ಹಾಗಿಲ್ಲಮ್ಮ. ಚೆನ್ನಾಗಿರೋದನ್ನ ವಿವರಿಸಿ ಹಾಳು ಮಾಡ್ಬೇಡ."

ವೃತ್ತ ಮುಗಿದ ಮೇಲೆ ಅವಳು ಹೇಳಬಹುದಿತ್ತು. ಅಷ್ಟರಲ್ಲಿ ಆ ಕುಂಟು ಹೆಜ್ಜೆ ಹೊಸ ಪ್ರದರ್ಶನದ ಮುಖ್ಯ ಹೆಜ್ಜೆಯಾಗಿತ್ತು. ಹಿಂದಿನ ಸಾಲಿನಲ್ಲಿದ್ದ ಅವಳು ಮೊದಲ ಬಾರಿಗೆ ಮುಂದಿನ ಸಾಲಿಗೆ ಬಂದಿದ್ದಳು.

ಉಳಿದ ಎಂಟು ಜನ ಅವಳನ್ನು ನೋಡಿ ನೋಡಿ ಕುಂಟುವುದನ್ನು ಕಲಿತರು. ಹಿಮ್ಮಡಿ ಯಾವಾಗ ಏಳುತ್ತದೆ, ಭುಜ ಎತ್ತ ವಾಲುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಒಂದನ್ನೂ ಬಿಡಲಿಲ್ಲ. ಪ್ರದರ್ಶನ ನಡೆಯಿತು. ನೋಡಲು ಬಂದವರಲ್ಲಿ ಮುಕ್ಕಾಲು ಪಾಲು ಬೇರೆ ತಂಡಗಳ ನರ್ತಕರೇ. ಅವರೂ ಮೆಚ್ಚಿದರು. ವರ್ಷ ಮುಗಿಯುವ ಹೊತ್ತಿಗೆ ನಗರದಲ್ಲಿ ಮೂರು ತಂಡಗಳು ಕುಂಟುತ್ತಿದ್ದವು.

ಒಂದು ಬೆಳಿಗ್ಗೆ ಅವಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಹುಷಾರಿಲ್ಲ ಎಂದು ತಿಳಿಸಿದಳು. ಬೇಗ ಗುಣವಾಗಲಿ ಎಂದು ಎಲ್ಲರೂ ಹಾರೈಸಿದರು. ನಾಲ್ಕನೇ ದಿನ ಅವಳ ಜಾಗಕ್ಕೆ ಇನ್ನೊಬ್ಬ ಹುಡುಗಿ ಬಂದಳು. ಗಟ್ಟಿ ಕಾಲಿನ ಹುಡುಗಿ. ಇವಳ ಕುಂಟನ್ನು ಕೂದಲೆಳೆಯಷ್ಟೂ ತಪ್ಪದೆ ಎತ್ತಿಕೊಂಡಿದ್ದಾಳೆ ಎಂದು ವೃತ್ತದಲ್ಲಿ ಹೊಗಳಿದರು. ಸಂತೋಷಪಡಲಿ ಎಂದು ಯಾರೋ ಅದರ ವಿಡಿಯೋವನ್ನು ಇವಳಿಗೂ ಕಳಿಸಿದರು.

ಕೊನೆಗೆ ಅಕ್ಕ ಬಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು.

"ಹೇಗೆ ನಡೀತಿದ್ರಿ, ತೋರಿಸಿ," ಎಂದರು ವೈದ್ಯರು.

ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಆ ಹುಡುಗಿಯ ವಿಡಿಯೋ ತೆಗೆದು ಫೋನನ್ನು ಅವರ ಕೈಗೆ ಕೊಟ್ಟಳು.

ಗುರು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಆ ಜನರ ಕಣ್ಣು ಪಳಗಿರಲಿಲ್ಲ, ಅಷ್ಟೇ," ಎಂದ ಶಿಷ್ಯ.

"ಆ ಹುಡುಗಿಯ ಕುಣಿತ ನೋಡಿಯೇ ವೈದ್ಯರು ಇವಳ ಮೂಳೆ ಬಿರುಕು ಬಿಟ್ಟ ಜಾಗವನ್ನು ಬೆರಳಿಟ್ಟು ತೋರಿಸಿದರು," ಎಂದರು ಗುರು.