ಹುರಿಗಡಲೆಪೇಟೆಯ ಮಿಕ್ಕ ಓಟು

ಒಂದಾನೊಂದು ಊರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವಿತ್ತು. ಹೂಂ ಅನ್ನಿ. ಹೂಂ ಅನ್ನದಿದ್ದರೆ ನಿಮ್ಮ ಠೇವಣಿ ಹೋಗುತ್ತೆ, ಆಮೇಲೆ ನನ್ನನ್ನು ಕೇಳಬೇಡಿ.

ಕ್ಷೇತ್ರದ ಹೆಸರು ಹುರಿಗಡಲೆಪೇಟೆ. ಹನ್ನೆರಡು ಅಡ್ಡರಸ್ತೆ, ಒಂದು ಬಸ್ ಸ್ಟ್ಯಾಂಡು, ಒಂದು ನಲ್ಲಿ. ಮತದಾರರು ನಾಲ್ಕು ಸಾವಿರದ ಒಂದು. ಕತೆಯೆಲ್ಲ ಇರುವುದು ಆ ಒಂದರಲ್ಲೇ.

ಚುನಾವಣೆಗೆ ನಿಲ್ಲುತ್ತಿದ್ದವರು ಇಬ್ಬರೇ. ಒಬ್ಬ ಹಿಟ್ಟಿನ ಗಿರಣಿಯ ಬಸವಂತಪ್ಪ, ಇನ್ನೊಬ್ಬ ಬ್ಯಾಂಡ್‌ಸೆಟ್ಟಿನ ಪುಟ್ಟಹೊನ್ನಯ್ಯ. ಇಬ್ಬರೂ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ, ಒಬ್ಬನನ್ನೊಬ್ಬ ಬೈದು ಭಾಷಣ ಮಾಡುವಾಗ ನಡುವೆ ನಿಲ್ಲಿಸಿ, ಬೇಜಾರಾಯ್ತಾ ಎಂದು ಕೇಳಿ, ಇಲ್ಲ ಎಂದ ಮೇಲೆ ಮುಂದುವರಿಸುತ್ತಿದ್ದರು.

ಮೊದಲನೆಯ ಚುನಾವಣೆಯಲ್ಲಿ ಪುಟ್ಟಹೊನ್ನಯ್ಯ ಸೋತ. ಸೋತವನು ಮನೆಗೆ ಹೋಗಿ ಕ್ಲಾರಿನೆಟ್ ಊದಿದ. ಅವನು ಅಳಲಿಲ್ಲ, ಕ್ಲಾರಿನೆಟ್ ಅತ್ತಿತು. ಆ ವರ್ಷ ಯಾವ ಮದುವೆಯಲ್ಲಿ ಊದಿದರೂ ಅದೇ ಅಳು. ಮೆರವಣಿಗೆಯಲ್ಲಿ ಮೊದಲು ಕುದುರೆ ಅಳುತ್ತಿತ್ತು, ಆಮೇಲೆ ಕುದುರೆಯ ಮೇಲಿದ್ದ ಮದುಮಗ, ಆಮೇಲೆ ಬೀಗರು. ಅಳುತ್ತಾ ತಾಳಿ ಕಟ್ಟಬಾರದು ಎಂದು ಪುರೋಹಿತರು ಪಂಚಾಂಗ ಮಡಚಿ ಎದ್ದು ಹೋಗುತ್ತಿದ್ದರು. ವರ್ಷಪೂರ್ತಿ ಹುರಿಗಡಲೆಪೇಟೆಯಲ್ಲಿ ಒಂದೇ ಒಂದು ಮದುವೆ ಆಗಲಿಲ್ಲ.

ಊರಿನವರು ಕೂತು ಯೋಚಿಸಿದರು. ಹೊನ್ನಯ್ಯ ಸೋತರೆ ಮದುವೆ ನಿಲ್ಲುತ್ತೆ. ಬಸವಂತಪ್ಪ ಸೋತರೆ ಅವನ ಕಣ್ಣೀರು ಬಿದ್ದು ಗಿರಣಿಯ ಹಿಟ್ಟೆಲ್ಲ ಅಲ್ಲೇ ಮುದ್ದೆಯಾಗುತ್ತೆ. ಮದುವೆಯೂ ಬೇಕು, ಹಿಟ್ಟೂ ಬೇಕು. ಅದಕ್ಕೇ ಇನ್ನು ಮೇಲೆ ಯಾರೂ ಸೋಲಕೂಡದು ಎಂದು ತೀರ್ಮಾನವಾಯಿತು.

ಅಂದಿನಿಂದ ಒಂದು ಪದ್ಧತಿ ಬಂತು. ಮತದಾನದ ಹಿಂದಿನ ದಿನ ಬೆಳಿಗ್ಗೆ ಎಲ್ಲರೂ ನಲ್ಲಿಯ ಮುಂದೆ ಸಾಲು ನಿಲ್ಲಬೇಕು. ನಲ್ಲಿಯ ಯಜಮಾನಿ ತುಳಸಕ್ಕ ಒಬ್ಬೊಬ್ಬರಿಗೂ ಕೈ ತೋರಿಸಿ ಹೇಳುತ್ತಿದ್ದಳು: ನೀನು ಗಿರಣಿ, ನೀನು ಬ್ಯಾಂಡು, ನೀನು ಗಿರಣಿ, ನೀನು ಬ್ಯಾಂಡು. ಹಂಚಿ ಹಂಚಿ ಇವನಿಗೆ ಎರಡು ಸಾವಿರ, ಅವನಿಗೆ ಎರಡು ಸಾವಿರ. ಸಮ. ಇಬ್ಬರೂ ಗೆದ್ದರು. ವಿಧಾನಸಭೆಯಲ್ಲಿ ಕ್ಷೇತ್ರಕ್ಕೆಂದು ಇದ್ದ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತರು. ಭಾರವಾಯಿತೇ ಎಂದು ಕುರ್ಚಿಯನ್ನು ಕೇಳಿದ್ದಕ್ಕೆ, ಇವರಿಬ್ಬರಿಗೂ ಸೇರಿ ನಾಲ್ಕು ಕಾಲು, ನನಗೂ ನಾಲ್ಕು ಕಾಲು, ಲೆಕ್ಕ ಸರಿಯಾಗೇ ಇದೆ ಎಂದಿತು.

ಆದರೆ ಒಬ್ಬರು ಮಿಕ್ಕರಲ್ಲ, ಅವರು ಯಾರು? ಹೂ ಕಟ್ಟುವ ಸಿದ್ದಗಂಗಮ್ಮ. ಮೊದಲನೆಯ ಚುನಾವಣೆ ಮುಗಿದ ಮೇಲೆ ಊರಿಗೆ ಸೊಸೆಯಾಗಿ ಬಂದವಳು, ಅದಕ್ಕೇ ಪಟ್ಟಿಯಲ್ಲಿ ಅವಳದು ಕೊನೆಯ ಹೆಸರು. ಸಾಲಿನ ಕೊನೆಗೆ ಅವಳು ಬಂದಾಗ ತುಳಸಕ್ಕ ನಲ್ಲಿ ನಿಲ್ಲಿಸಿ, ಈ ಸಲ ನೀನು ಮನೆಯಲ್ಲೇ ಇದ್ದುಬಿಡು ತಾಯಿ ಎನ್ನುತ್ತಿದ್ದಳು. ಊರಿನಲ್ಲಿ ಜನ ಹುಟ್ಟಿದರು, ಸತ್ತರು, ಬಾಡಿಗೆಗೆ ಬಂದರು, ಖಾಲಿ ಮಾಡಿಕೊಂಡು ಹೋದರು. ಆದರೂ ಪ್ರತಿಸಲ ಪಟ್ಟಿ ಮಾತ್ರ ನಾಲ್ಕು ಸಾವಿರದ ಒಂದೇ. ಹೇಗೆ ಅಂತ ಕೇಳಬೇಡಿ, ಕೇಳಿದರೆ ಕತೆ ಇಲ್ಲೇ ನಿಲ್ಲುತ್ತೆ.

ಹೀಗೆ ಹತ್ತು ಚುನಾವಣೆ ಆದವು. ಸಿದ್ದಗಂಗಮ್ಮ ಮುನಿಸಿಕೊಳ್ಳಲಿಲ್ಲ. ಮತದಾನದ ದಿನ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ ಜಗಲಿಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಓಟು ಹಾಕಿದವರು ಬೆರಳು ತೋರಿಸಿ ತಿಂದು ಹೋಗುತ್ತಿದ್ದರು. ಅವಳು ಒಬ್ಬೊಬ್ಬರ ಬೆರಳನ್ನೂ ಹಿಡಿದು ನೋಡಿ, ಶಾಯಿ ಚೆನ್ನಾಗಿ ಹಿಡಿದಿದೆ ಎಂದು ಸಂತೋಷಪಡುತ್ತಿದ್ದಳು. ಕತೆಯಲ್ಲಿ ಈ ಜಾಗಕ್ಕೆ ಬಂದಾಗೆಲ್ಲ ನನಗೆ ಸಂಕಟವಾಗುತ್ತೆ. ಇರಲಿ.

ಹೊನ್ನಯ್ಯ ಸೋತದ್ದು ಒಂದು, ಸಮವಾದದ್ದು ಹತ್ತು, ಈಗ ಹನ್ನೆರಡನೆಯ ಚುನಾವಣೆ ಬಂತು. ಶಾಯಿ ಬಾಟಲಿಗೆ ಪೂಜೆ ಮಾಡಬೇಕೆಂದು ಚುನಾವಣಾಧಿಕಾರಿ ಸಿದ್ದಗಂಗಮ್ಮನ ಹತ್ತಿರ ಹೂ ಕೊಳ್ಳಲು ಬಂದರು. ಅವರ ಜೇಬಿನಲ್ಲಿದ್ದ ಬಾಟಲಿ ತಲೆ ಹೊರಗೆ ಹಾಕಿ ಅವಳನ್ನು ನೋಡಿತು.

"ಪ್ರತಿಸಲ ನಾಲ್ಕು ಸಾವಿರದ ಒಂದು ತೊಟ್ಟು ಹೊತ್ಕೊಂಡ್ ಬರ್ತೀನಿ, ಒಂದು ತೊಟ್ಟು ಹಾಗೇ ವಾಪಸ್ ಹೊತ್ಕೊಂಡ್ ಹೋಗ್ತೀನಿ. ಅದು ಯಾರದಮ್ಮಾ?" ಎಂದಿತು.

ಸಿದ್ದಗಂಗಮ್ಮ ತನ್ನ ಎಡಗೈ ಬೆರಳನ್ನು ನೋಡಿಕೊಂಡಳು. ಎಪ್ಪತ್ತಾರು ವರ್ಷದ ಬೆರಳು. ಅರಿಸಿನ, ಕುಂಕುಮ, ಹೂವಿನ ರಸ ಎಲ್ಲ ಅದಕ್ಕೆ ಅಂಟಿತ್ತು. ಶಾಯಿ ಮಾತ್ರ ಒಂದು ದಿನವೂ ಅಂಟಿರಲಿಲ್ಲ.

ಮರುದಿನ ನಲ್ಲಿಯ ಸಾಲಿನ ಕೊನೆಯಲ್ಲಿ ನಿಂತು ತುಳಸಕ್ಕನಿಗೆ ಹೇಳಿದಳು. "ಈ ಸಲ ನಾನೂ ಹಾಕ್ತೀನಿ ಕಣಕ್ಕ. ಇನ್ನೊಂದ್ ಎಲೆಕ್ಷನ್ ಗಂಟ ಇರ್ತೀನೋ ಇಲ್ವೋ."

ಊರಿಗೆಲ್ಲ ಗಾಬರಿ. ಅವಳು ಹಾಕಿದರೆ ಯಾರೋ ಒಬ್ಬ ಸೋಲುವುದು ಖಂಡಿತ. ಹಾಕಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಎಲ್ಲರೂ ಅವಳ ಚಿತ್ರಾನ್ನ ತಿಂದವರೇ. ಹಾಗಾದರೆ ಸಮ ಮಾಡಲು ಇನ್ನೊಬ್ಬ ಮತದಾರ ಬೇಕು. ಮೊದಲು ಮತಪೆಟ್ಟಿಗೆಯನ್ನೇ ಕೇಳಿದರು. ಇಷ್ಟು ವರ್ಷ ನುಂಗಿದ್ದೇನೆ, ಒಂದು ಹಾಕುವುದಕ್ಕೆ ಅಡ್ಡಿಯಿಲ್ಲ, ಆದರೆ ಶಾಯಿ ಹಚ್ಚಲು ನನಗೆ ಬೆರಳಿಲ್ಲ ಎಂದಿತು ಪೆಟ್ಟಿಗೆ.

ಆಮೇಲೆ ಮೂರನೇ ಅಡ್ಡರಸ್ತೆಯ ಲೈಟುಕಂಬವನ್ನು ಕೇಳಿದರು. ಐವತ್ತೆಂಟು ವರ್ಷ ಒಂದೇ ವಿಳಾಸದಲ್ಲಿ ನಿಂತ ಕಂಬ, ಅದಕ್ಕಿಂತ ಖಾಯಂ ನಿವಾಸಿ ಯಾರಿದ್ದಾರೆ? ಕಂಬ ಒಪ್ಪಿತು. ಅಧಿಕಾರಿ ತಂದೆಯ ಹೆಸರು ಕೇಳಿದರು. ಮುನಿಸಿಪಾಲ್ಟಿ ಎಂದಿತು. ತಾಯಿಯ ಹೆಸರು ಕೇಳಿದರು. ಕಂಬ ಲೈಟು ಆರಿಸಿಕೊಂಡಿತು. ಪಾಪ, ಮತ್ತೆ ಯಾರೂ ಅದನ್ನು ಕೇಳಲಿಲ್ಲ.

ಸಂಜೆ ಬಸವಂತಪ್ಪ ಸಿದ್ದಗಂಗಮ್ಮನ ಮನೆಗೆ ಬಂದ. ನಿನ್ನ ಓಟು ಹೊನ್ನಯ್ಯನಿಗೇ ಹಾಕು, ಅವನು ಒಂದು ಸಲ ಸೋತು ನೊಂದವನು ಎಂದು ಬೇಡಿಕೊಂಡ. ಅವನು ಹೋದ ಮೇಲೆ ಹೊನ್ನಯ್ಯ ಬಂದ. ಬಸವಂತಪ್ಪನಿಗೇ ಹಾಕು, ಅವನು ಹುಟ್ಟಿದಾಗಿನಿಂದ ಸೋತವನಲ್ಲ, ತಡೆದುಕೊಳ್ಳಲಾರ ಎಂದು ಬೇಡಿಕೊಂಡ. ಸಿದ್ದಗಂಗಮ್ಮ ಇಬ್ಬರ ಮನೆಗೂ ಒಂದೊಂದು ಮೊಳ ಮಲ್ಲಿಗೆ ಕೊಟ್ಟು, ಆಯಿತು ಎಂದು ಕಳಿಸಿದಳು.

ಬೆಳಿಗ್ಗೆ ನಾಲ್ಕು ಸಾವಿರ ಜನ ಓಟು ಹಾಕಿದರು. ಹಾಕಿದವರು ಮನೆಗೆ ಹೋಗದೆ ಮತಗಟ್ಟೆಯ ಮುಂದೆಯೇ ನಿಂತರು. ಸಿದ್ದಗಂಗಮ್ಮ ಇಸ್ತ್ರಿ ಸೀರೆ ಉಟ್ಟು ಬಂದಳು. ಶಾಯಿ ಬಾಟಲಿ ತಳದಲ್ಲಿದ್ದ ಆ ತೊಟ್ಟನ್ನು ಹುಡುಕಿ ತಂದು, ನೋವಾಗಬಾರದು ಎನ್ನುವ ಹಾಗೆ, ಅವಳ ಉಗುರಿನ ಮೇಲೆ ಇಳಿಸಿತು. ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೊರಗಿದ್ದವರೆಲ್ಲ ಹೇಳಿಸಿಕೊಂಡು ಹಾಕಿದವರು. ಯಾರಿಗೆ ಹಾಕಲಿ ಎಂದು ಯೋಚಿಸುವುದಕ್ಕೆ ಇಷ್ಟು ಹೊತ್ತು ಬೇಕು ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಎಣಿಕೆ ಆಯಿತು. ಬಸವಂತಪ್ಪನಿಗೆ ಎರಡು ಸಾವಿರದ ಒಂದು. ಪುಟ್ಟಹೊನ್ನಯ್ಯನಿಗೆ ಎರಡು ಸಾವಿರ.

ಮಗಳಿಗೆ ಮದುವೆ ಗೊತ್ತು ಮಾಡಿದ್ದವರೆಲ್ಲ ಎದೆ ಹಿಡಿದುಕೊಂಡರು. ಹೊನ್ನಯ್ಯ ಯಾರ ಮುಖವನ್ನೂ ನೋಡದೆ ನೇರವಾಗಿ ಸಿದ್ದಗಂಗಮ್ಮನ ಮನೆಗೆ ನಡೆದ. ಅವನನ್ನು ನೋಡಿ ಅವಳು ಎದ್ದು ನಿಂತಳು.

"ತಪ್ಪು ತಿಳೀಬೇಡಿ ಹೊನ್ನಯ್ಯನೋರೆ. ನೀವು ಸೋತೂ ಬದುಕ್ದೋರು. ಅವ್ರಿಗೆ ಅದು ಬರಲ್ಲ. ಅದಕ್ಕೇ ಹಂಗ್ ಮಾಡ್ದೆ."

ಹೊನ್ನಯ್ಯ ಜಗಲಿಯ ಮೇಲೆ ಕೂತ. ಅವಳನ್ನೂ ಕೂರಿಸಿದ.

"ಹತ್ತು ಸಲ ನಂಗೆ ಎರಡೆರಡು ಸಾವಿರ ಓಟು ಬಿತ್ತು ಸಿದ್ದಗಂಗಮ್ಮ. ಅದ್ರಲ್ಲಿ ಒಂದೂ ನಾನು ಎಂಥೋನು ಅಂತ ನೋಡಿ ಹಾಕಿದ್ದಲ್ಲ. ಅಷ್ಟೊತ್ತು ಒಳಗೆ ನಿಂತು ನನ್ನ ಬಗ್ಗೆ ಯೋಚ್ನೆ ಮಾಡ್ದೋಳು ನೀನೊಬ್ಳೇ."

ಆ ತಿಂಗಳ ಮದುವೆಗಳೆಲ್ಲ ಸರಿಯಾಗೇ ಆದವು. ಮುಂದಿನ ಚುನಾವಣೆಯಲ್ಲಿ ಹುರಿಗಡಲೆಪೇಟೆಯ ಒಬ್ಬೊಬ್ಬರೂ ಒಳಗೆ ಅಷ್ಟೇ ಹೊತ್ತು ನಿಂತರು, ಅದರಿಂದ ಮತದಾನ ಹದಿನೆಂಟು ದಿನ ನಡೆಯಿತಂತೆ. ಒಳಗಿದ್ದವರು ತಡ ಮಾಡಿದರೆ ಸಾಲಿನಲ್ಲಿದ್ದವರು ಗೊಣಗಬಾರದು ಎನ್ನುವುದು ಈ ಕತೆಯ ನೀತಿ. ಅವರ ಕ್ಷೇತ್ರದಲ್ಲಿ ಅವರು ಚೆನ್ನಾಗಿದ್ದಾರೆ, ನಮ್ಮ ಕ್ಷೇತ್ರದಲ್ಲಿ ನಾವು ಚೆನ್ನಾಗಿರೋಣ. ಇನ್ನು ಹೂಂ ಅನ್ನುವುದು ಸಾಕು.