ಗೊಂಚಲು ಮತ್ತು ಅದರ ತಮ್ಮಂದಿರು

ವನಮಾಲಾ ಟೀಚರ್ ಹಿತ್ತಿಲಿನ ಬ್ರೊಕೊಲಿ ಗಿಡದ ತುದಿಯಲ್ಲಿ ಅಂಗೈಯಗಲದ ಹಸಿರು ಗೊಂಚಲೊಂದು ಬಲಿತಿತ್ತು. ಕೆಳಗೆ ಎಲೆಗಳ ಸಂದಿಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಚಿಗುರುಗಳಿದ್ದವು. ಬೇರು ಹೀರಿದ ನೀರೆಲ್ಲ ಗೊಂಚಲಿಗೇ ಸೇರುತ್ತಿತ್ತು.

ಒಂದು ಬೆಳಗ್ಗೆ ಟೀಚರ್ ಚಾಕು ಹಿಡಿದು ಬಂದರು. ಗೊಂಚಲು ಗಾಬರಿಯಿಂದ ಪಕ್ಕದ ದೊಡ್ಡ ಎಲೆಗೆ, "ಅಕ್ಕಾ, ನನ್ನನ್ನು ಮುಚ್ಚಿಬಿಡು" ಎಂದಿತು. ಎಲೆ ಮುಚ್ಚಿತು.

ಟೀಚರ್ ಬಗ್ಗಿ ನೋಡಿ, "ಈ ಗಿಡ ಏನೂ ಬಿಟ್ಟೇ ಇಲ್ಲವಲ್ಲ. ನಾಳೆ ಬುಡಸಮೇತ ಕಿತ್ತುಹಾಕುತ್ತೇನೆ" ಎಂದು ಹೊರಟುಹೋದರು.

"ಚಾಕುವಿಗೆ ಹೆದರಿದೆಯಾ?" ಎಲೆ ಕೇಳಿತು.

"ನನ್ನ ಚಿಂತೆಯಲ್ಲ, ಅಕ್ಕಾ. ಈ ತಮ್ಮಂದಿರಿಗೆ ಏನೂ ಬರುವುದಿಲ್ಲ. ಅವರು ಕಲಿಯುವವರೆಗಾದರೂ ನಾನಿರಬೇಕು."

"ನೀನಿರುವವರೆಗೆ ಅವರ ಬಾಯಿಗೆ ನೆಟ್ಟಗೆ ಒಂದು ಹನಿ ನೀರೂ ಬೀಳುವುದಿಲ್ಲ. ಏನು ಕಲಿತಾರು?"

ಗೊಂಚಲು ಮೊದಲ ಸಲ ಕೆಳಗೆ ನೋಡಿತು. ಚಿಗುರುಗಳು ತಿಂಗಳಿನಿಂದ ಇದ್ದಷ್ಟೇ ಇದ್ದವು. ಅದು ಎಲೆಗೆ, "ಸರಿ ಅಕ್ಕಾ, ಪಕ್ಕಕ್ಕೆ ಸರಿ" ಎಂದಿತು.

ಮರುದಿನ ಗುದ್ದಲಿ ತಂದ ಟೀಚರ್, "ಅಯ್ಯೋ, ಇಲ್ಲೇ ಇದೆಯಲ್ಲ!" ಎಂದು ಗುದ್ದಲಿಯನ್ನು ಕೆಳಗಿಟ್ಟರು. ಒಳಗಿಂದ ಚಾಕು ತಂದು ಗೊಂಚಲನ್ನಷ್ಟೇ ಕೊಯ್ದುಕೊಂಡು ಹೋದರು.

ಬೇರಿನಿಂದ ಏರಿ ಬಂದ ನೀರು ಆ ದಿನ ಚಿಗುರುಗಳ ಬಳಿಯೇ ನಿಂತಿತು. ಅವು ಅಂಜುತ್ತಾ, "ಅಕ್ಕಾ, ಕುಡಿಯಬಹುದೇ? ಅಣ್ಣನನ್ನು ಕೇಳಬೇಡವೇ?" ಎಂದವು.

"ಅಣ್ಣ ಹೋದದ್ದೇ ಅದಕ್ಕೆ. ಕುಡಿಯಿರಿ" ಎಂದಿತು ಎಲೆ.